ಮೂರು ಗಂಟೆಗೆ ಎಚ್ಚರವಾಗುತ್ತಿದ್ದ ಮುನೀಮರು: ಕಲಬುರಗಿಯ ದಾಲ್‌ಮಿಲ್ಲೊಂದರ ಪ್ರಕರಣ ಅಧ್ಯಯನ

2023ರ ಅಕ್ಟೋಬರ್ ಎರಡನೆಯ ವಾರದಲ್ಲಿ, ಕಲಬುರಗಿಯ ಹೊರವಲಯದ ದಾಲ್‌ಮಿಲ್ಲೊಂದರಲ್ಲಿ ಹದಿನಾರು ವರ್ಷಗಳಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ನಲವತ್ಮೂರು ವರ್ಷದ ಮುನೀಮರೊಬ್ಬರನ್ನು ಅವರ ಪತ್ನಿ ನನ್ನ ಸಮಾಲೋಚನಾ ಕೊಠಡಿಗೆ ಕರೆತಂದರು. ಎಂಟು ದಿನಗಳ ಹಿಂದೆ ರಾತ್ರಿ ಎದೆ ಹಿಡಿದಂತಾಗಿ, ಎಡಗೈ ಜೋಮುಗಟ್ಟಿ, ಮೈಯೆಲ್ಲ ಬೆವರಿ ಅವರು ಆಸ್ಪತ್ರೆ ಸೇರಿದ್ದರು. ಇಸಿಜಿ, ಎಕೋ, ರಕ್ತಪರೀಕ್ಷೆ ಎಲ್ಲವೂ ಸರಿಯಿದ್ದವು. ರಕ್ತದೊತ್ತಡ ಮಾತ್ರ 150/96 ಇತ್ತು. ವೈದ್ಯರು ಅದಕ್ಕೆ ಮಾತ್ರೆ ಬರೆದುಕೊಟ್ಟು, ಟೆನ್ಷನ್ ಕಡಿಮೆ ಮಾಡಿಕೊಳ್ಳಬೇಕೆಂದು ಹೇಳಿ ನನ್ನ ಬಳಿಗೆ ಕಳುಹಿಸಿದ್ದರು. ಆ ಸಲಹೆಯನ್ನು ಪಾಲಿಸುವುದು ಯಾರ ಕೈಯಲ್ಲಿತ್ತು ಎಂಬುದು ಗೊತ್ತಾಗಲು ನಮಗೆ ಒಂದೂವರೆ ತಿಂಗಳು ಹಿಡಿಯಿತು. ಈ ಪ್ರಕರಣವನ್ನು ಬರೆಯಲು ಅವರ ಒಪ್ಪಿಗೆಯನ್ನೂ ಮಿಲ್ಲಿನ ಮಾಲೀಕರ ಒಪ್ಪಿಗೆಯನ್ನೂ ಪಡೆದಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಮೊದಲ ದಿನ ಅವರು ಕುರ್ಚಿಯ ಅಂಚಿನಲ್ಲಿ ಕುಳಿತಿದ್ದರು. ತಮಗೆ ಒತ್ತಡವಿದೆ ಎಂಬುದನ್ನೇ ಅವರು ಒಪ್ಪಲಿಲ್ಲ. ‘ನಾ ಏನ್ ಹಮಾಲಿ ಮಾಡ್ತೀನೇನ್ರಿ? ಕುರ್ಚಿ ಮ್ಯಾಲ ಕುಂತು ಲೆಕ್ಕ ಬರೀತೀನಿ. ಕುಂತವ್ನಿಗಿ ಎಂಥಾ ಆಯಾಸ್ರಿ?’ ಎಂದರು. ನೂರು ಕಿಲೊದ ಚೀಲವನ್ನು ಬೆನ್ನ ಮೇಲೆ ಹೊರುವವರ ನಡುವೆ ದಿನಗಳೆಯುವ ಮನುಷ್ಯನಿಗೆ ತನ್ನ ದಣಿವನ್ನು ದಣಿವೆಂದು ಕರೆಯಲು ನಾಚಿಕೆಯಾಗುತ್ತದೆ. ಪತ್ನಿಯ ಮಾತು ಬೇರೆಯಿತ್ತು: ‘ಇವ್ರು ಮನ್ಯಾಗ ಇದ್ರೂ ಮಿಲ್ನ್ಯಾಗೇ ಇರ್ತಾರ್ರಿ. ರಾತ್ರಿ ಮೂರಕ್ಕ ಎದ್ದು ಕುಂತು ಬೆರಳ ಎಣಿಸ್ತಾರ. ಮಗಳು ಏನರೆ ಕೇಳಿದ್ರ ಸಿಟ್ಟಿಗೇಳ್ತಾರ, ಆಮ್ಯಾಲ ತಾವೇ ಅಳ್ತಾರ.’

ಖಿನ್ನತೆಯನ್ನು ಅಳೆಯಲು ಬಳಸುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ ಪಟ್ಟಿಯಲ್ಲಿ 27ಕ್ಕೆ ಅವರ ಅಂಕ 11 ಬಂದಿತು. ಇದು ಮಧ್ಯಮ ಮಟ್ಟ. ಆ ಪಟ್ಟಿಯ ಒಂಬತ್ತನೆಯ ಪ್ರಶ್ನೆ ಸಾವಿನ ಆಲೋಚನೆಯನ್ನು ಕುರಿತದ್ದು. ಅದನ್ನು ನಾನು ಯಾವಾಗಲೂ ಬಾಯಿಬಿಟ್ಟು, ನೇರವಾಗಿಯೇ ಕೇಳುತ್ತೇನೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸಾಯೋ ವಿಚಾರ ಇಲ್ರಿ. ಆದ್ರ ಅವತ್ತು ದವಾಖಾನ್ಯಾಗ ಇನ್ನಾ ನಾಕ್ ದಿನ ಇಟ್ಕೊಂಡಿದ್ರ ಚಲೋ ಇತ್ತು ಅನಸ್ತದ್ರಿ. ಅಲ್ಲಿ ಯಾರೂ ಫೋನ್ ಮಾಡ್ಲಿಲ್ಲ’ ಎಂದರು. ಈ ಮಾತನ್ನು ನಾನು ಟಿಪ್ಪಣಿಯಲ್ಲಿ ಗೆರೆ ಎಳೆದು ಬರೆದುಕೊಂಡೆ. ಹದಿನಾರು ವರ್ಷ ದುಡಿದ ಒಬ್ಬ ಮನುಷ್ಯನಿಗೆ, ಯಾರ ಮುಂದೆಯೂ ತಪ್ಪಿತಸ್ಥನಾಗದೆ ಪಡೆಯಬಹುದಾದ ರಜೆ ಎಂದರೆ ಹೃದಯಾಘಾತದ ಶಂಕೆಯೊಂದೇ ಎಂದಾಗಿತ್ತು.

ಅವರ ಕೆಲಸ ಏನೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಒತ್ತಡ ಇದ್ದದ್ದು ಆ ವಿವರಗಳಲ್ಲಿಯೇ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ; ಜಿಲ್ಲೆಯ ವ್ಯಾಪಾರದ ಬಹುಪಾಲು ಈ ಒಂದು ಬೆಳೆಯ ಸುತ್ತ ತಿರುಗುತ್ತದೆ. ಡಿಸೆಂಬರ್‌ನಿಂದ ಗಂಜಿನಲ್ಲಿ, ಅಂದರೆ ಧಾನ್ಯದ ಸಗಟು ಮಾರುಕಟ್ಟೆಯಲ್ಲಿ, ಆವಕ ಹೆಚ್ಚುತ್ತದೆ. ಬೆಳಗ್ಗೆ ಗಂಜಿಗೆ ಹೋಗಿ ಮಾಲಿನ ರಾಶಿಗಳನ್ನು ಕೈಯಲ್ಲಿ ಹಿಡಿದು ನೋಡುವುದು, ತೇವ ಮತ್ತು ಕಸರನ್ನು ಅಂದಾಜು ಮಾಡುವುದು, ಆನ್‌ಲೈನ್ ಟೆಂಡರಿನಲ್ಲಿ ದರ ಹಾಕುವುದು, ಮಧ್ಯಾಹ್ನ ಮಿಲ್ಲಿಗೆ ಬಂದು ಕಿರ್ದಿ (ದಿನದ ಲೆಕ್ಕದ ಪುಸ್ತಕ) ಬರೆಯುವುದು, ಅಡತಿಯವರಿಗೆ (ಗಂಜಿನ ದಲ್ಲಾಳಿಗಳಿಗೆ) ಹಣ ಹೊಂದಿಸುವುದು, ಹಮಾಲರಿಗೆ ವಾರದ ಬಟವಾಡೆ ಮಾಡುವುದು, ತಿಂಗಳ 11 ಮತ್ತು 20ನೆಯ ತಾರೀಖಿನೊಳಗೆ ಜಿಎಸ್‌ಟಿ ವಿವರ ಸಲ್ಲಿಸುವುದು, ಲಾರಿಗಳ ವಿಚಾರಣೆಗೆ ಉತ್ತರಿಸುವುದು — ಇಷ್ಟೂ ಅವರೊಬ್ಬರ ಪಾಲಿಗಿತ್ತು. ಯಂತ್ರಗಳಿಗೆ ತಾಗಿದ ತಗಡಿನ ಕೊಠಡಿ ಅವರ ಆಫೀಸು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬಿಸಿಲಿನ ಕಾರಣ ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ಮಾತ್ರ ನಡೆಯುತ್ತವೆ; ತಗಡಿನ ಕೆಳಗೆ ಕುಳಿತವರಿಗೆ ಆ ರಿಯಾಯಿತಿ ಇರಲಿಲ್ಲ. ಅಮಾವಾಸ್ಯೆಯ ದಿನ ಯಂತ್ರಗಳಿಗೆ ಪೂಜೆ ಮಾಡಿ ಬಿಡುವು ಕೊಡುತ್ತಿದ್ದರು, ಹಮಾಲರೂ ಬರುತ್ತಿರಲಿಲ್ಲ. ‘ಇವತ್ತು ಗದ್ದಲ ಇಲ್ಲ, ಹಿಂದಿನ ಲೆಕ್ಕ ಮುಗಿಸಿಬಿಡ್ರಿ’ ಎಂದು ಮುನೀಮರನ್ನು ಮಾತ್ರ ಕರೆಸಿಕೊಳ್ಳುತ್ತಿದ್ದರು.

ಹಿಂದಿನ ಹಂಗಾಮಿನಲ್ಲಿ ತೊಗರಿಗೆ ನೆಟೆ ರೋಗ ಬಿದ್ದು ಜಿಲ್ಲೆಯ ಬೆಳೆ ಒಣಗಿತ್ತು. ಆವಕ ತಗ್ಗಿ, 2023ರಲ್ಲಿ ದರ ಕ್ವಿಂಟಲಿಗೆ ಹತ್ತು ಸಾವಿರ ರೂಪಾಯಿ ದಾಟಿತು. ಬೆಲೆ ಏರಿಕೆಯನ್ನು ತಡೆಯಲು ಕೇಂದ್ರ ಸರ್ಕಾರ ಆ ವರ್ಷದ ಜೂನ್ 2ರಂದು ತೊಗರಿ ಮತ್ತು ಉದ್ದಿನ ದಾಸ್ತಾನಿಗೆ ಮಿತಿ ಹೇರಿತು. ಮಿಲ್ಲುಗಳಿಗೆ ಆ ಮಿತಿ ಹಿಂದಿನ ಮೂರು ತಿಂಗಳ ಉತ್ಪಾದನೆ ಅಥವಾ ವಾರ್ಷಿಕ ಸಾಮರ್ಥ್ಯದ ಶೇಕಡ 25, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಸೆಪ್ಟೆಂಬರ್ 25ರಂದು ಅದನ್ನು ಒಂದು ತಿಂಗಳ ಉತ್ಪಾದನೆ ಅಥವಾ ಶೇಕಡ 10ಕ್ಕೆ ಇಳಿಸಲಾಯಿತು. ದಾಸ್ತಾನಿನ ವಿವರವನ್ನು ಗ್ರಾಹಕ ವ್ಯವಹಾರಗಳ ಇಲಾಖೆಯ ಪೋರ್ಟಲ್‌ನಲ್ಲಿ ದಾಖಲಿಸುತ್ತಿರಬೇಕಾಗಿತ್ತು. ಈ ಕೆಲಸ ಯಾರದು ಎಂದು ಮಿಲ್ಲಿನಲ್ಲಿ ಯಾರೂ ನಿರ್ಧರಿಸಲಿಲ್ಲ. ಒಟಿಪಿ ಬರುವ ಮೊಬೈಲ್ ಮುನೀಮರದಾಗಿದ್ದರಿಂದ ಕೆಲಸವೂ ಅವರದಾಯಿತು.

ಮೂರು ಗಂಟೆಗೆ ಅವರು ಬೆರಳೆಣಿಸುತ್ತಿದ್ದದ್ದು ಈ ಲೆಕ್ಕವನ್ನೇ. ಹೊರಗಿನವರಿಗೆ ದಾಸ್ತಾನು ಎಂದರೆ ಚೀಲಗಳ ಎಣಿಕೆ ಎನಿಸುತ್ತದೆ. ಬೇಳೆ ಮಾಡುವ ಮಿಲ್ಲಿನಲ್ಲಿ ಹಾಗಿರುವುದಿಲ್ಲ. ತೊಗರಿಯ ಸಿಪ್ಪೆ ಕಾಳಿಗೆ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ಮೊದಲು ಅದನ್ನು ಗೀರಿ, ಎಣ್ಣೆ ಸವರಿ, ಹಲವು ದಿನ ಬಿಸಿಲಿಗೆ ಹರವುತ್ತಾರೆ. ನೀರು ಚಿಮುಕಿಸಿ ಮತ್ತೆ ಒಣಗಿಸಿ, ಆಮೇಲೆ ಒಡೆಯುತ್ತಾರೆ. ನೂರು ಕಿಲೊ ತೊಗರಿಗೆ ಸುಮಾರು 70ರಿಂದ 75 ಕಿಲೊ ಬೇಳೆ ಸಿಗುತ್ತದೆ, ಉಳಿದದ್ದು ಹೊಟ್ಟು, ನುಚ್ಚು, ಚುನ್ನಿ. ಹಾಗಾದರೆ ಅಂಗಳದಲ್ಲಿ ಹರವಿರುವ ಮಾಲು ತೊಗರಿಯೋ ಬೇಳೆಯೋ? ಒಣಗಿದಾಗ ಕಳೆದುಹೋದ ತೂಕವನ್ನು ಎಲ್ಲಿ ತೋರಿಸಬೇಕು? ಪುಸ್ತಕದ ಅಂಕಿಯೂ ಗೋದಾಮಿನ ಅಂಕಿಯೂ ಯಾವ ದಿನವೂ ಕೂಡಿಬರುತ್ತಿರಲಿಲ್ಲ, ಕೂಡಿಬರುವುದು ಸಾಧ್ಯವೂ ಇರಲಿಲ್ಲ. ಮಿತಿ ಮೀರಿದರೆ 1955ರ ಅಗತ್ಯ ವಸ್ತುಗಳ ಕಾಯ್ದೆಯ ಪ್ರಕಾರ ಶಿಕ್ಷೆಯಾಗುತ್ತದೆ ಎಂದು ಗಂಜಿನಲ್ಲಿ ಯಾರೋ ಹೇಳಿದ್ದರು. ತಪ್ಪಾದರೆ ಪೊಲೀಸರು ತಮ್ಮ ಮನೆಗೇ ಬರುತ್ತಾರೆ, ಪಿಯುಸಿ ಓದುತ್ತಿರುವ ಮಗಳ ಎದುರಿಗೇ ಕರೆದೊಯ್ಯುತ್ತಾರೆ ಎಂಬ ಚಿತ್ರ ಅವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಎದೆನೋವು ಕಾಣಿಸಿಕೊಂಡದ್ದು ಮಿತಿಯನ್ನು ಇಳಿಸಿದ ಆದೇಶ ಬಂದ ಮುಂದಿನ ವಾರ.

ಇಲ್ಲಿ ನನ್ನಿಂದಾದ ತಪ್ಪೊಂದನ್ನು ದಾಖಲಿಸುತ್ತೇನೆ. ಮೊದಲ ಮೂರು ಭೇಟಿಗಳಲ್ಲಿ ನಾನು ಅವರಿಗೆ ದೀರ್ಘ ಉಸಿರಾಟವನ್ನು, ಸ್ನಾಯುಗಳನ್ನು ಸಡಿಲಿಸುವ ಕ್ರಮವನ್ನು, ನಿದ್ರೆಗೆ ಬೇಕಾದ ಶಿಸ್ತನ್ನು ಕಲಿಸಿದೆ. ಚಹಾವನ್ನು ದಿನಕ್ಕೆ ಹತ್ತು ಸಲದಿಂದ ನಾಲ್ಕಕ್ಕೆ ಇಳಿಸಿದೆವು. ರಾತ್ರಿ ಎಚ್ಚರವಾಗಿ ಭಯವಾದರೆ ಕರೆ ಮಾಡಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಈ ಉಚಿತ ಸೇವೆ ಹಗಲು ರಾತ್ರಿ ಲಭ್ಯವಿದೆ, ಕನ್ನಡದಲ್ಲಿಯೂ ಮಾತನಾಡಬಹುದು. ಇವೆಲ್ಲ ಬೇಕಾದವುಗಳೇ. ಆದರೆ ನಾಲ್ಕನೆಯ ಭೇಟಿಗೆ ಬಂದಾಗ ಅವರು, ‘ಉಸಿರಿನ ಅಭ್ಯಾಸ ಎರಡ್ ದಿನ ತಪ್ಪಿತ್ರಿ, ಅದಕ್ಕೂ ಈಗ ಚಿಂತಿ ಹತ್ಯಾದ’ ಎಂದು ತಲೆ ತಗ್ಗಿಸಿದರು. ಬಾಕಿ ಕೆಲಸಗಳ ಪಟ್ಟಿಗೆ ನಾನೂ ಒಂದು ಕೆಲಸ ಸೇರಿಸಿದ್ದೆ. ಒತ್ತಡ ಅವರೊಳಗೆ ಇದೆ, ಅವರು ಅದನ್ನು ನಿಭಾಯಿಸಲು ಕಲಿತರೆ ಸಾಕು ಎಂದು ನಾನು ಭಾವಿಸಿದ್ದೆ. ಮಿಲ್ಲಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಗಂಭೀರವಾಗಿ ವಿಚಾರಿಸಿರಲಿಲ್ಲ.

ಆಮೇಲೆ ದಾರಿ ಬದಲಿಸಿದೆವು. ಎರಡು ವಾರಗಳ ಕಾಲ, ದಿನದ ಕೆಲಸವನ್ನೆಲ್ಲ ಬರೆದಿಡಲು ಕೇಳಿದೆ. ಅವರು ಅದನ್ನು ಕಿರ್ದಿಯ ರೀತಿಯಲ್ಲೇ ಬರೆದು ತಂದರು: ಎಡಕ್ಕೆ ಸಮಯ, ನಡುವೆ ಕೆಲಸ, ಬಲಕ್ಕೆ ಹತ್ತರಲ್ಲಿ ಇಷ್ಟು ಎಂದು ಎದೆಯ ಬಿಗಿತದ ಅಂಕಿ. ಇಷ್ಟು ನಿಷ್ಠೆಯಿಂದ ಬರೆದ ದಿನಚರಿಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ಬೆಳಗ್ಗೆ ಎಂಟೂವರೆಯಿಂದ ರಾತ್ರಿ ಎಂಟೂವರೆಯವರೆಗೆ ವಾರಕ್ಕೆ ಆರು ದಿನ, ಭಾನುವಾರ ಅರ್ಧ ದಿನವೆಂದು ನಾಲ್ಕು ಗಂಟೆ. ಕೂಡಿಸಿದರೆ ವಾರಕ್ಕೆ 76 ಗಂಟೆ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಕಾರ್ಮಿಕರಿಗೆ ವಿಧಿಸಿದ್ದ ಮಿತಿ 48 ಗಂಟೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35–40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇಕಡ 35ರಷ್ಟು ಹೆಚ್ಚು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇಕಡ 17ರಷ್ಟು ಹೆಚ್ಚು. ಆ ರಾತ್ರಿಯ ಇಸಿಜಿ ಸರಿಯಿದ್ದುದರಿಂದ ಮುಂದಿನ ವರ್ಷಗಳಿಗೂ ನಿಶ್ಚಿಂತೆ ಎಂದು ಹೇಳಲು ಬರುತ್ತಿರಲಿಲ್ಲ ಎಂಬುದಕ್ಕೆ ಈ ಅಂಕಿಗಳನ್ನು ಉಲ್ಲೇಖಿಸುತ್ತಿದ್ದೇನೆ.

ಆದರೆ ದಿನಚರಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಗಂಟೆಗಳ ಮೊತ್ತವಲ್ಲ. ಕೆಲಸ ಅತಿ ಹೆಚ್ಚಿದ್ದ ಸಂಜೆಯ ಹೊತ್ತಿನಲ್ಲಿ ಬಿಗಿತದ ಅಂಕಿ ಮೂರು, ನಾಲ್ಕು. ಕೆಲಸ ಹೆಚ್ಚುಕಡಿಮೆ ಇಲ್ಲದ ಹೊತ್ತಿನಲ್ಲಿ, ಟೆಂಡರಿನ ದರ ಹಾಕಿ ಫಲಿತಾಂಶಕ್ಕೆ ಕಾಯುವ ಮಧ್ಯಾಹ್ನದಲ್ಲಿ, ಎಂಟು, ಒಂಬತ್ತು. ಕಾರಣ ಕೇಳಿದಾಗ ಹೊರಬಿದ್ದ ವಿಷಯ ಇದು. ಹಿರಿಯ ಮಾಲೀಕರು ಬೆಳಗ್ಗೆ ಫೋನಿನಲ್ಲಿ, ‘ಚಲೋ ಮಾಲು ಬಿಡಬ್ಯಾಡ್ರಿ ಮುನೀಮ್ರೇ’ ಎನ್ನುತ್ತಿದ್ದರು. ಎರಡು ವರ್ಷಗಳಿಂದ ವ್ಯವಹಾರಕ್ಕೆ ಕೈಹಾಕಿದ್ದ ಮಗ ಅರ್ಧ ಗಂಟೆಯ ನಂತರ ವಾಟ್ಸಾಪ್‌ನಲ್ಲಿ, ದರ ಜಾಸ್ತಿ ಹಾಕಬೇಡಿ ಎಂದು ಬರೆಯುತ್ತಿದ್ದರು. ಎಷ್ಟರವರೆಗೆ ಎಂದು ಇಬ್ಬರೂ ಹೇಳುತ್ತಿರಲಿಲ್ಲ. ದರ ಏರಿಸಿ ಮಾಲು ತಂದರೆ ಮಗನಿಂದ ಮಾತು ಕೇಳಬೇಕು, ಇಳಿಸಿ ಮಾಲು ತಪ್ಪಿದರೆ ತಂದೆಯಿಂದ. ನಿರ್ಧಾರ ಅವರದಲ್ಲ, ಪರಿಣಾಮ ಮಾತ್ರ ಅವರದು.

ಅಮೆರಿಕದ ರಾಬರ್ಟ್ ಕರಾಸೆಕ್ 1979ರಲ್ಲಿ ಮಂಡಿಸಿದ ವಿವರಣೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಕೆಲಸದ ಭಾರವೊಂದೇ ಮನುಷ್ಯನನ್ನು ಹಣ್ಣು ಮಾಡುವುದಿಲ್ಲ; ಭಾರ ಹೆಚ್ಚಿದ್ದು, ಆ ಕೆಲಸವನ್ನು ಹೇಗೆ ಮಾಡಬೇಕೆಂದು ತೀರ್ಮಾನಿಸುವ ಅಧಿಕಾರ ಕಡಿಮೆಯಿದ್ದಾಗ ದೇಹ ಮತ್ತು ಮನಸ್ಸು ಎರಡೂ ಸವೆಯುತ್ತವೆ ಎಂಬುದು ಅವರ ವಾದದ ತಿರುಳು. ಅಪಾಯ ಎದುರಾದಾಗ ದೇಹ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಬಿಡುಗಡೆ ಮಾಡಿ ಎದುರಿಸಲು ಅಥವಾ ಓಡಲು ಸಿದ್ಧವಾಗುತ್ತದೆ. ಮುನೀಮರಿಗೆ ಎದುರಿಸಲೂ ಬರುತ್ತಿರಲಿಲ್ಲ, ಓಡಲೂ ಬರುತ್ತಿರಲಿಲ್ಲ. ಪ್ರತಿದಿನ ಎರಡು ಗಂಟೆ ಮೊಬೈಲ್ ಪರದೆ ನೋಡುತ್ತ ಕುಳಿತಿರಬೇಕಿತ್ತು.

ನವೆಂಬರ್‌ನಲ್ಲಿ ಸರ್ಕಾರ ದಾಸ್ತಾನಿನ ಮಿತಿಯನ್ನು ಮತ್ತೆ ಸಡಿಲಿಸಿತು. ಇನ್ನು ನಿದ್ರೆ ಬರಬಹುದೆಂದು ನಾವಿಬ್ಬರೂ ನಿರೀಕ್ಷಿಸಿದೆವು. ಬರಲಿಲ್ಲ. ಮೂರಕ್ಕೆ ಎಚ್ಚರವಾಗುವುದು ಹಾಗೆಯೇ ಮುಂದುವರಿಯಿತು, ಎಣಿಸುವ ವಿಷಯ ಮಾತ್ರ ಬದಲಾಗಿತ್ತು. ಮಾಲೀಕರ ಜೊತೆ ಮಾತನಾಡದೆ ಈ ಪ್ರಕರಣ ಮುಂದೆ ಸಾಗುವುದಿಲ್ಲ ಎಂದು ನಾನು ಅಂದು ಖಚಿತಪಡಿಸಿಕೊಂಡೆ.

ಮುನೀಮರು ಇದಕ್ಕೆ ಒಪ್ಪಲು ಎರಡು ಭೇಟಿಗಳು ಬೇಕಾದವು. ನಾನು ಮೊದಲು ಕೆಲಸ ಕಳೆದುಕೊಳ್ಳುವ ಭಯವೆಂದುಕೊಂಡಿದ್ದೆ, ಆದರೆ ಅವರನ್ನು ಕಟ್ಟಿಹಾಕಿದ್ದು ಋಣ. ಅವರ ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆ ಹಿರಿಯ ಮಾಲೀಕರು ಹಣ ಕೊಟ್ಟಿದ್ದರು, ಮಗಳ ಕಾಲೇಜಿನ ಪ್ರವೇಶಕ್ಕೆ ತಾವೇ ಹೋಗಿ ಮಾತನಾಡಿದ್ದರು, ಆಳಂದ ತಾಲ್ಲೂಕಿನ ಅವರ ಊರಿನಲ್ಲಿ ತಂದೆ ತೀರಿಕೊಂಡಾಗ ಮಣ್ಣಿಗೆ ಬಂದು ನಿಂತಿದ್ದರು. ‘ಅವ್ರ ಅನ್ನ ಉಂಡೀನ್ರಿ, ಆಗಂಗಿಲ್ಲ ಅಂತ ಹ್ಯಾಂಗ ಅನ್ಲಿ?’ ಎಂದು ಕೇಳಿದರು. ಜರ್ಮನಿಯ ಯೋಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಹೇಳಿದ್ದು, ಪಡುವ ಶ್ರಮಕ್ಕೂ ಸಿಗುವ ಪ್ರತಿಫಲಕ್ಕೂ ಅಂತರ ಹೆಚ್ಚಾದಾಗ ಒತ್ತಡ ರೋಗವಾಗುತ್ತದೆ ಎಂದು. ಪ್ರತಿಫಲದಲ್ಲಿ ಹಣದ ಜೊತೆ ಗೌರವವನ್ನೂ ಅವರು ಸೇರಿಸುತ್ತಾರೆ. ಈ ಮನುಷ್ಯನಿಗೆ ಗೌರವ ಸಿಕ್ಕಿತ್ತು, ಮಮತೆಯೂ ಸಿಕ್ಕಿತ್ತು. ಆ ಮಮತೆಯೇ ಅವರ ಬಾಯಿ ಕಟ್ಟಿತ್ತು. ನಮ್ಮ ಭಾಗದ ಮಿಲ್ಲು, ಅಂಗಡಿ, ಅಡತಿಗಳಲ್ಲಿ ಮಾಲೀಕ–ನೌಕರ ಸಂಬಂಧ ಬಹುಪಾಲು ಇಂಥದ್ದೇ ಆಗಿರುವುದರಿಂದ, ‘ನಿಮ್ಮ ಹಕ್ಕು ಕೇಳಿ’ ಎಂಬ ಸಲಹೆ ಇಲ್ಲಿ ಕೃತಘ್ನತೆಯ ಹಾಗೆ ಕೇಳಿಸುತ್ತದೆ. ನಾನು ಆ ಮಾತನ್ನು ಬಳಸಲಿಲ್ಲ. ‘ನೀವು ಬಿದ್ದರೆ ಸುಗ್ಗಿಯಲ್ಲಿ ಮಿಲ್ಲಿನ ಲೆಕ್ಕ ಯಾರು ನೋಡುತ್ತಾರೆ? ಸಾಹುಕಾರರಿಗೆ ಈಗಲೇ ತಿಳಿಸುವುದೂ ಅವರ ಅನ್ನದ ಋಣವೇ ಅಲ್ಲವೇ?’ ಎಂದು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ ಒಪ್ಪಿದರು. ನಿದ್ರೆ ಮತ್ತು ರಕ್ತದೊತ್ತಡದ ವಿಷಯ ಹೇಳಬಹುದು, ತಾವು ಅಳುತ್ತಿದ್ದ ವಿಷಯ ಹೇಳಬಾರದು ಎಂದು ಷರತ್ತು ಹಾಕಿದರು. ಆ ಷರತ್ತಿಗೆ ನಾನು ಬದ್ಧನಾಗಿದ್ದೆ. ಈ ಬರಹದಲ್ಲಿ ಅದನ್ನು ಸೇರಿಸಿದ್ದು ಅವರೇ ಅನುಮತಿ ಕೊಟ್ಟ ಮೇಲೆ.

ನವೆಂಬರ್ ಕೊನೆಯಲ್ಲಿ, ಬರುವ ಸುಗ್ಗಿಗೆ ಮೊದಲು, ಮಿಲ್ಲಿನ ಆಫೀಸಿನಲ್ಲಿಯೇ ನಾಲ್ವರೂ ಕುಳಿತೆವು. ಹಿರಿಯ ಮಾಲೀಕರು ಮೊದಲು ಕೇಳಿದ್ದು, ‘ಪಗಾರ ಏನರೆ ಕಡಿಮಿ ಆಗ್ಯಾದೇನ್ರಿ?’ ಎಂದು. ದಿನಚರಿಯ ಪುಟಗಳನ್ನು ಅವರ ಮುಂದಿಟ್ಟೆ. ಅವರೂ ಲೆಕ್ಕದ ಮನುಷ್ಯರಾದ್ದರಿಂದ ಮಾತಿಗಿಂತ ಬೇಗ ಅಂಕಿ ಅವರಿಗೆ ಅರ್ಥವಾಯಿತು. ಮಧ್ಯಾಹ್ನದ ಒಂಬತ್ತುಗಳ ಸಾಲಿನ ಮೇಲೆ ಬೆರಳಿಟ್ಟು, ‘ಇದು ನಾವ್ ಇಬ್ರೂ ಮಾಡಿದ್ದದ’ ಎಂದು ಮಗನ ಕಡೆ ನೋಡಿದರು. ಮಗ ತಕ್ಷಣ ಒಪ್ಪಲಿಲ್ಲ. ವ್ಯಾಪಾರದಲ್ಲಿ ಇಷ್ಟು ಬಿಗಿತ ಎಲ್ಲರಿಗೂ ಇರುತ್ತದೆ, ತಮಗೂ ನಿದ್ರೆ ಇಲ್ಲ ಎಂದರು. ಅವರ ಮಾತಿನಲ್ಲಿ ಸತ್ಯವಿತ್ತು. ಬ್ಯಾಂಕಿನ ಸಾಲದ ಕಂತು ಅವರ ಹೆಸರಿನಲ್ಲಿತ್ತು. ಆದರೆ ತಮ್ಮ ದರವನ್ನು ತಾವೇ ನಿರ್ಧರಿಸುವ ಸ್ವಾತಂತ್ರ್ಯ ಅವರಿಗಿತ್ತು, ಅದು ಮುನೀಮರಿಗಿರಲಿಲ್ಲ ಎಂದು ನಾನು ತಿಳಿಸಿದೆ.

ಅಂದು ಒಪ್ಪಿದ ಬದಲಾವಣೆಗಳಲ್ಲಿ ಮುಖ್ಯವಾದದ್ದು ಒಂದು ಚೀಟಿ. ಬೆಳಗ್ಗೆ ಹನ್ನೊಂದರೊಳಗೆ ತಂದೆ ಮಗ ಮಾತನಾಡಿಕೊಂಡು, ಇಂಥ ಮಾಲಿಗೆ ಇಷ್ಟು ದರ ಎಂದು ಒಂದೇ ಚೀಟಿಯಲ್ಲಿ ಬರೆದು ಕಳುಹಿಸಬೇಕು. ಅದರ ಮೇಲೆ ಕೆಳಗೆ ಕ್ವಿಂಟಲಿಗೆ ನೂರು ರೂಪಾಯಿಯವರೆಗೆ ಮಾಲು ನೋಡಿ ಏರಿಳಿಸುವ ಅಧಿಕಾರ ಮುನೀಮರಿಗೆ ಇರಬೇಕು. ಆ ಮಿತಿಯೊಳಗೆ ಹಾಕಿದ ದರಕ್ಕೆ ಆಮೇಲೆ ಯಾರೂ ಆಕ್ಷೇಪಿಸಬಾರದು. ಹದಿನಾರು ವರ್ಷ ಕಾಳು ಮುಟ್ಟಿ ನೋಡಿದ ಅನುಭವಕ್ಕೆ ಮೊದಲ ಬಾರಿ ಒಂದು ಅಂಕಿಯ ಮಾನ್ಯತೆ ಸಿಕ್ಕಿತು. ಎರಡನೆಯದು ದಾಸ್ತಾನಿನದು. ಮಿಲ್ಲಿನ ತೆರಿಗೆ ಸಲಹೆಗಾರರನ್ನು ಕರೆಸಿ, ತೊಗರಿ, ಅಂಗಳದಲ್ಲಿ ಹರವಿದ ಮಾಲು, ಸಿದ್ಧ ಬೇಳೆ ಎಂದು ಮೂರು ಕಲಮುಗಳ ಪುಸ್ತಕ ಮಾಡಿಸಿದೆವು. ವ್ಯವಹಾರದ ಹೊಣೆ ಅದನ್ನು ನಡೆಸುವವರ ಮೇಲಿರುತ್ತದೆ, ಆದ್ದರಿಂದ ಪೋರ್ಟಲ್‌ಗೆ ಏರಿಸುವ ಮೊದಲು ಮಾಲೀಕರು ಪುಸ್ತಕ ನೋಡಿ ಸಹಿ ಮಾಡಬೇಕು ಎಂದು ಸಲಹೆಗಾರರು ಎಲ್ಲರೆದುರು ಹೇಳಿದರು. ನಾಲ್ಕು ತಿಂಗಳಿಂದ ಮನೆಗೆ ಬರುತ್ತಿದ್ದ ಆ ಕಲ್ಪನೆಯ ಪೊಲೀಸರು ಈ ಒಂದು ವಾಕ್ಯದಿಂದ ಅರ್ಧ ದೂರ ಹಿಂದೆ ಸರಿದರು. ನಾನು ಆರು ಭೇಟಿಗಳಲ್ಲಿ ಮಾಡಲಾಗದ್ದನ್ನು ಸರಿಯಾದ ಮಾಹಿತಿ ಹತ್ತು ನಿಮಿಷದಲ್ಲಿ ಮಾಡಿತು. ಅಮಾವಾಸ್ಯೆಯ ರಜೆಯನ್ನು ಮಾಲೀಕರು ತಾವಾಗಿಯೇ ಕೊಟ್ಟರು. ಸುಗ್ಗಿಯ ನಾಲ್ಕು ತಿಂಗಳಿಗೆ ಬಿ.ಕಾಂ. ಮುಗಿಸಿದ ಹುಡುಗನೊಬ್ಬನನ್ನು ಸಹಾಯಕ್ಕೆ ತೆಗೆದುಕೊಂಡರು.

ರಾತ್ರಿ ಎಂಟೂವರೆಯ ನಂತರ ಫೋನ್ ಮಾಡಬಾರದು ಎಂಬ ಒಪ್ಪಂದ ಮಾತ್ರ ಹತ್ತು ದಿನವೂ ಉಳಿಯಲಿಲ್ಲ. ಡಿಸೆಂಬರ್‌ನಲ್ಲಿ ಆವಕ ಏರಿತು, ಹೊರ ರಾಜ್ಯದ ಲಾರಿಗಳು ಅಪರಾತ್ರಿಯಲ್ಲಿ ಗೇಟಿಗೆ ಬರತೊಡಗಿದವು, ಚಾಲಕರು ತಮ್ಮಲ್ಲಿದ್ದ ಹಳೆಯ ನಂಬರಿಗೇ ಕರೆ ಮಾಡಿದರು. ಮೂರನೆಯ ರಾತ್ರಿ ಮುನೀಮರು ಬೈಕ್ ಹತ್ತಿ ಮಿಲ್ಲಿಗೆ ಹೋದರು. ಅವರ ಪತ್ನಿ ನನಗೆ ಸಿಟ್ಟಿನಿಂದ ಕರೆ ಮಾಡಿದರು. ಆ ಸಿಟ್ಟು ನ್ಯಾಯವಾದದ್ದು. ಕೊನೆಗೆ ಲಾರಿಗಳಿಗೆಂದೇ ಬೇರೊಂದು ಸಿಮ್ ತೆಗೆದು ಗೇಟಿನ ಮೇಸ್ತ್ರಿಯ ಕೈಗೆ ಕೊಡಲಾಯಿತು. ಕರೆಗಳು ಪೂರ್ತಿ ನಿಲ್ಲಲಿಲ್ಲ, ಬಹಳಷ್ಟು ಕಡಿಮೆಯಾದವು.

2022ರಿಂದ ಜಾರಿಯಲ್ಲಿರುವ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ, ಕೆಲಸದ ಸ್ಥಳದ ನಿರಂತರ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಇದ್ದುದರಿಂದ ಉಂಟಾಗುವ ಬಳಲಿಕೆಯನ್ನು ಕಾಯಿಲೆಯೆಂದು ಸೇರಿಸಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ಗುರುತಿಸಿದ್ದಾರೆ. ಈ ವ್ಯತ್ಯಾಸವನ್ನು ಮುನೀಮರಿಗೆ ವಿವರಿಸಿದಾಗ ಅವರು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ತಮ್ಮ ತಲೆಗೆ ಏನೋ ಆಗಿದೆ ಎಂದು ನೆಂಟರು ಆಡಿಕೊಳ್ಳುತ್ತಿದ್ದಾರೆ ಎಂಬ ಕೊರಗು ಅವರಿಗಿತ್ತು. ಹಾಗೆಂದು ಅವರಲ್ಲಿದ್ದ ಖಿನ್ನತೆಯ ಲಕ್ಷಣಗಳನ್ನು ನಾನು ಅಲಕ್ಷಿಸಲಿಲ್ಲ. ಮನೋವೈದ್ಯರೊಬ್ಬರು ಒಮ್ಮೆ ನೋಡಿ, ಆಗಿನ ಸ್ಥಿತಿಯಲ್ಲಿ ಔಷಧಿ ಬೇಡ, ಆರು ವಾರ ಗಮನಿಸೋಣ ಎಂದಿದ್ದರು.

2024ರ ಮಾರ್ಚ್ ಕೊನೆಯಲ್ಲಿ, ಶರಣಬಸವೇಶ್ವರ ಜಾತ್ರೆಯ ಸಮಯದಲ್ಲಿ, ಪಿಎಚ್‌ಕ್ಯೂ ಅಂಕ 5ಕ್ಕೆ ಇಳಿದಿತ್ತು. ವಾರದಲ್ಲಿ ನಾಲ್ಕೈದು ದಿನ ಬೆಳಗಿನ ಐದರವರೆಗೆ ನಿದ್ರೆ ಬರುತ್ತಿತ್ತು. ಮಾತ್ರೆ ಮುಂದುವರಿದಿತ್ತು, ರಕ್ತದೊತ್ತಡ ಹತೋಟಿಯಲ್ಲಿತ್ತು. ವಾರದ ಗಂಟೆಗಳು ಮಾತ್ರ ಸುಗ್ಗಿಯಲ್ಲಿ 66ಕ್ಕಿಂತ ಕೆಳಗೆ ಇಳಿಯಲಿಲ್ಲ. ಇದನ್ನು ನಾನು ಯಶಸ್ಸೆಂದು ಬರೆಯಲಾರೆ. ಆ ವಿಷಯದಲ್ಲಿ ಇನ್ನೂ ಮಾತುಕತೆ ನಡೆಯಬೇಕಾಗಿದೆ.

ಜೂನ್ 21ರಂದು ಕೇಂದ್ರ ಸರ್ಕಾರ ತೊಗರಿ ಮತ್ತು ಕಡಲೆಗೆ ಸೆಪ್ಟೆಂಬರ್ 30ರವರೆಗೆ ದಾಸ್ತಾನಿನ ಮಿತಿಯನ್ನು ಮತ್ತೆ ಜಾರಿಗೆ ತಂದಿತು. ಸುದ್ದಿ ಓದಿದ ಕೂಡಲೇ ನನಗೆ ಅವರ ನೆನಪಾಯಿತು, ಆದರೆ ನಾನಾಗಿ ಕರೆ ಮಾಡಲಿಲ್ಲ. ಒಂದು ವಾರದ ನಂತರ ಅವರೇ ಕರೆ ಮಾಡಿದರು. ಮೊದಲ ವಿವರ ಏರಿಸುವ ದಿನ ಹಿರಿಯ ಮಾಲೀಕರು ಮದುವೆಗೆಂದು ಹುಮನಾಬಾದಿಗೆ ಹೋಗಿದ್ದರಂತೆ. ಮಗ ಫೋನಿನಲ್ಲಿ, ‘ನೀವೇ ಹಾಕಿಬಿಡ್ರಿ’ ಎಂದರಂತೆ. ಹಿಂದಿನ ವರ್ಷ ಈ ಕೆಲಸ ಹೀಗೆ ತಮ್ಮ ಮೇಲೆ ಬಿದ್ದದ್ದರಿಂದಲೇ ಅವರು ತಿಂಗಳುಗಟ್ಟಲೆ ನಿದ್ರೆಗೆಟ್ಟಿದ್ದರು.

‘ಪುಸ್ತಕ ತಯಾರ ಅದ ಅಣ್ಣಾರ, ನೀವ್ ಬಂದ್ ನೋಡಿ ಸಹಿ ಮಾಡ್ರಿ, ಆಮ್ಯಾಲ ಏರಿಸ್ತೀನಿ ಅಂದೆ ನೋಡ್ರಿ’ ಎಂದರು. ‘ಕೈ ನಡಗತಿತ್ತು. ಸಿಟ್ಟಾದ್ರು ಅನಸ್ತು. ಆದ್ರ ಸಂಜಿ ಏಳಕ್ಕ ಬಂದ್ರು, ಅಂಗಳದಾಗ ಹರವಿದ್ದ ಮಾಲು ತಾವೇ ಒಂದ್ ಸುತ್ತು ನೋಡಿ ಬಂದ್ರು, ಸಹಿ ಮಾಡಿದ್ರು.’

ರಾತ್ರಿ ಎಚ್ಚರವಾಯಿತೇ ಎಂದು ಕೇಳಿದೆ. ಆಯಿತು, ಮಳೆಯ ಸಪ್ಪಳಕ್ಕೆ, ಅಂಗಳದ ಮಾಲಿನ ಮೇಲೆ ತಾಡಪತ್ರಿ ಹೊದಿಸಿದ್ದು ನೆನಪಾಗಿ ಮತ್ತೆ ಮಲಗಿದೆ ಎಂದರು.